ಕಣ್ಣೀರು ಹೇತುವಾಗಬಲ್ಲುದೆ?



ಮಠದ ಪಾಠಶಾಲೆಯಲ್ಲಿ ಕುಳಿತು ತರ್ಕಸಂಗ್ರಹವನ್ನು ಬಾಯಿಪಾಠ ಮಾಡಿದ ನಿಮ್ಮಲ್ಲಿ ಅನೇಕರಿಗೆ ಬೆಟ್ಟದ ಹೊಗೆಯ ಉದಾಹರಣೆ ಇನ್ನೂ ನೆನಪಿರಬೇಕು. ಬೆಟ್ಟದಲ್ಲಿ ಹೊಗೆ ಕಾಣುತ್ತದೆ. ಹೊಗೆಯಿದ್ದಲ್ಲಿ ಬೆಂಕಿಯಿರುವುದನ್ನು ಅಡುಗೆಮನೆಯಲ್ಲಿ ಕಂಡಿದ್ದೇವೆ. ಆದಕಾರಣ ಬೆಟ್ಟದಲ್ಲಿ ಬೆಂಕಿಯಿದೆ. ಇಷ್ಟು ಸರಳವಾದ ಮಾತಿಗೆ ಪ್ರತಿಜ್ಞೆ, ಹೇತು, ಉದಾಹರಣೆ, ಉಪನಯ, ನಿಗಮನ ಎಂಬ ಐದು ಅವಯವಗಳೇಕೆ, ಹೇತ್ವಾಭಾಸಗಳ ಆ ಪಟ್ಟಿಯೇಕೆ ಎಂದು ಹುಡುಗರಾಗಿದ್ದಾಗ ನಾವು ಬೇಸರಪಟ್ಟುದುಂಟು. ಆ ಬೇಸರಕ್ಕೆ ಉತ್ತರವು ಇಂದು ಬೀದಿಯ ಗೋಡೆಗಳ ಮೇಲೆಯೇ ದೊರೆಯುತ್ತಿದೆ. ಹೊಗೆಯನ್ನು ತೋರಿಸದೆಯೇ ಬೆಂಕಿಯನ್ನು ನಂಬಿಸುವ ವಿದ್ಯೆಯೊಂದು ಬೆಳೆದು ನಿಂತಿದೆ. ಅದಕ್ಕೆ ಜಾಹೀರಾತು ಎಂದು ಹೆಸರು.

ಸಾಬೂನನ್ನೂ ಕೇಶತೈಲವನ್ನೂ ಮಾರುವವರು ಈ ವಿದ್ಯೆಯನ್ನು ಬಳಸಿದರೆ ಕೊಳ್ಳುವವನ ನಾಲ್ಕು ಕಾಸು ಹೋದೀತು. ಗರ್ಭಪಾತದ ಕಾನೂನು ಹೇಗಿರಬೇಕೆಂಬ ಪ್ರಶ್ನೆಯಲ್ಲಿ ಇದನ್ನೇ ಬಳಸಿದರೆ ಹೋಗುವುದು ಕಾಸಲ್ಲ, ಪ್ರಾಣ. ಗರ್ಭಪಾತವು ಧರ್ಮವೋ ಅಧರ್ಮವೋ ಎಂಬುದನ್ನು ತೀರ್ಮಾನಿಸಲು ನಾನಿಲ್ಲಿ ಹೊರಟಿಲ್ಲ. ಆ ಬಗೆಗೆ ನನಗೊಂದು ಅಭಿಪ್ರಾಯವುಂಟು, ನಿಮಗೆ ಬೇರೊಂದಿರಬಹುದು. ನನ್ನ ತಕರಾರು ಉಭಯ ಪಕ್ಷದವರೂ ವಾದಿಸುವ ರೀತಿಯ ಮೇಲೆ, ಕಣ್ಣೀರನ್ನು ತಂದು ಹೇತುವಿನ ಪೀಠದಲ್ಲಿ ಕೂರಿಸುವ ರೀತಿಯ ಮೇಲೆ. ಇದಕ್ಕೆ ಐರ್ಲೆಂಡ್ ದೇಶಕ್ಕಿಂತ ಸ್ಪಷ್ಟವಾದ ನಿದರ್ಶನ ನನಗೆ ತಿಳಿದಿಲ್ಲ. ಆ ನಿದರ್ಶನದ ನಟ್ಟನಡುವೆ ನಮ್ಮ ಬೆಳಗಾವಿಯ ಮಗಳೊಬ್ಬಳ ಮುಖವಿದೆ.

1983ರ ಸೆಪ್ಟೆಂಬರ್ ತಿಂಗಳಲ್ಲಿ ಆ ದೇಶದ ಮತದಾರರು ತಮ್ಮ ಸಂವಿಧಾನಕ್ಕೆ ಎಂಟನೆಯ ತಿದ್ದುಪಡಿಯನ್ನು ಸೇರಿಸಿದರು. ಗರ್ಭಸ್ಥ ಜೀವಕ್ಕೂ ತಾಯಿಗೂ ಬದುಕುವ ಹಕ್ಕು ಸಮಾನವೆಂಬುದು ಅದರ ಸಾರ. ಮತ ನೀಡಿದವರಲ್ಲಿ ಶೇಕಡ 66.9 ಮಂದಿ ಅದಕ್ಕೆ ಒಪ್ಪಿಗೆಯಿತ್ತರು. ಮೂವತ್ತೈದು ವರ್ಷಗಳು ಕಳೆದವು. 2018ರ ಮೇ 25ರಂದು ಅದೇ ಮತದಾರರ ಮುಂದೆ, ಆ ತಿದ್ದುಪಡಿಯನ್ನು ತೆಗೆದು ಗರ್ಭಪಾತದ ಬಗ್ಗೆ ಕಾನೂನು ರಚಿಸುವ ಅಧಿಕಾರವನ್ನು ಸಂಸತ್ತಿಗೆ ಕೊಡಬಹುದೇ ಎಂಬ ಪ್ರಶ್ನೆಯನ್ನಿಡಲಾಯಿತು. ಶೇಕಡ 66.4 ಮಂದಿ ಕೊಡಬಹುದೆಂದರು. ಮೂರರಲ್ಲಿ ಎರಡು ಪಾಲು ಜನ ಒಂದು ಕಾಲಕ್ಕೆ ಕಟ್ಟಿದುದನ್ನು ಮೂರರಲ್ಲಿ ಎರಡು ಪಾಲು ಜನವೇ ಇನ್ನೊಂದು ಕಾಲಕ್ಕೆ ಕೆಡವಿದರು.

ಆ ದೇಶದಲ್ಲಿ ಹಣ ತೆತ್ತು ರೇಡಿಯೋ ಟೆಲಿವಿಷನ್‌ಗಳಲ್ಲಿ ರಾಜಕೀಯ ಜಾಹೀರಾತು ಪ್ರಸಾರ ಮಾಡುವಂತಿಲ್ಲ. ಆದುದರಿಂದ ವಾದವೆಲ್ಲ ಬೀದಿದೀಪದ ಕಂಬಗಳನ್ನೇರಿತು, ಅಂತರ್ಜಾಲಕ್ಕೂ ಹರಿಯಿತು. ಮತದಾನಕ್ಕೆ ಇನ್ನೂ ಎರಡು ವಾರಗಳಿರುವಾಗ ಫೇಸ್‌ಬುಕ್ ಸಂಸ್ಥೆ ಈ ವಿಷಯದಲ್ಲಿ ಹೊರದೇಶದಿಂದ ಬಂದ ಜಾಹೀರಾತುಗಳನ್ನು ತಡೆಯಿತು. ಗೂಗಲ್ ಎಲ್ಲವನ್ನೂ ನಿಲ್ಲಿಸಿತು. ಕಂಬದ ಮೇಲಿನವು ಮಾತ್ರ ಉಳಿದುವು. ಒಂದು ಕಂಬದಲ್ಲಿ ಎಷ್ಟು ಮಾತು ಹಿಡಿಸೀತು? ಹತ್ತು ಪದ, ಒಂದು ಚಿತ್ರ. ಪ್ರತಿಜ್ಞೆಗೆ ಸ್ಥಳವುಂಟು, ಹೇತುವಿಗಿಲ್ಲ.

ಮೊದಲಿಗೆ ಹೆಸರುಗಳನ್ನೇ ನೋಡಿರಿ. ತಿದ್ದುಪಡಿ ಉಳಿಯಬೇಕೆಂದವರ ಒಂದು ಬಳಗ ಇಬ್ಬರನ್ನೂ ಪ್ರೀತಿಸಿ ಎಂಬರ್ಥದ ಹೆಸರನ್ನು ಇಟ್ಟುಕೊಂಡಿತು. ಹಾಗಾದರೆ ಎದುರಿನವರು ಒಬ್ಬರನ್ನಷ್ಟೇ ಪ್ರೀತಿಸುವವರೆಂದಾಯಿತು. ತಿದ್ದುಪಡಿ ಹೋಗಬೇಕೆಂದವರು ಕರುಣೆಗಾಗಿ ಮತ ಕೊಡಿ ಎಂದರು. ಹಾಗಾದರೆ ಇತ್ತಕಡೆಯವರು ನಿಷ್ಕರುಣಿಗಳೆಂದಾಯಿತು. ಸಾಧಿಸಬೇಕಾದುದನ್ನೇ ಸಾಧನವಾಗಿ ಮುಂದಿಡುವ ಈ ದೋಷಕ್ಕೆ ನಮ್ಮ ನೈಯಾಯಿಕರು ಸಾಧ್ಯಸಮವೆಂದು ಹೆಸರಿಟ್ಟು ಎಷ್ಟೋ ಶತಮಾನಗಳಾದುವು.

ಉಳಿಯಬೇಕೆಂದವರ ಬಹು ಪ್ರಸಿದ್ಧವಾದ ಭಿತ್ತಿಪತ್ರವೊಂದು, ಇಂಗ್ಲೆಂಡಿನಲ್ಲಿ ಐದು ಶಿಶುಗಳಲ್ಲಿ ಒಂದು ಗರ್ಭಪಾತಕ್ಕೆ ಬಲಿಯಾಗುತ್ತಿದೆಯೆಂದು ಸಾರಿತು. ಸಂಖ್ಯೆ ಕೇವಲ ಕಲ್ಪನೆಯದಲ್ಲ. ಜನನಗಳನ್ನೂ ಗರ್ಭಪಾತಗಳನ್ನೂ ಕೂಡಿಸಿ ಭಾಗಿಸಿದರೆ ಹೆಚ್ಚುಕಡಮೆ ಆ ಪ್ರಮಾಣ ಬರುತ್ತದೆ. ಆದರೆ ತಾನಾಗಿ ಬಿದ್ದುಹೋಗುವ ಗರ್ಭಗಳು ಈ ಲೆಕ್ಕದಲ್ಲಿಲ್ಲ. ಮೇಲಾಗಿ ಬಸಿರು ಎನ್ನಬೇಕಾದ ಕಡೆ ಶಿಶು ಎಂದು ಬರೆದುದು ಶುದ್ಧ ವಾಕ್ಛಲ. ಇದಕ್ಕಿಂತ ದೊಡ್ಡ ಲೋಪವು ಪತ್ರದಲ್ಲಿ ಬರೆಯದೆ ಬಿಟ್ಟ ಸಂಗತಿಯಲ್ಲಿದೆ. ಇಂಗ್ಲೆಂಡಿನ ಆ ಲೆಕ್ಕಕ್ಕೆ ಹೋಲಿಸಬೇಕಾದ ಐರ್ಲೆಂಡಿನ ಲೆಕ್ಕವೆಲ್ಲಿ? ಅದು ಸೊನ್ನೆಯೆಂಬ ಭಾವನೆ ಓದುವವನಲ್ಲಿ ತಾನಾಗಿಯೇ ಹುಟ್ಟಲಿ ಎಂಬುದೇ ಜಾಣತನ. ನಿಜಸ್ಥಿತಿ ಬೇರೆ. ಗರ್ಭ ತೆಗೆಸಲು ಇಂಗ್ಲೆಂಡ್ ಮತ್ತು ವೇಲ್ಸ್‌ಗೆ ಹೋಗಿ ತಮ್ಮ ವಿಳಾಸ ಐರ್ಲೆಂಡಿನದೆಂದು ಬರೆಸಿದ ಹೆಂಗಸರು 2001ರಲ್ಲಿ 6,673, 2016ರಲ್ಲಿ 3,265. ಹಾಗೆ ಹೋಗುವ ಸ್ವಾತಂತ್ರ್ಯವನ್ನು 1992ರಲ್ಲಿ ಅದೇ ಸಂವಿಧಾನಕ್ಕೆ ಮತ್ತೊಂದು ತಿದ್ದುಪಡಿ ಮಾಡಿ ಕಾಪಾಡಲಾಗಿತ್ತು! ಮನೆಯಲ್ಲಿ ಮಹಾಪಾತಕವಾದುದು ಹಡಗು ಹತ್ತಿ ದಾಟಿದರೆ ಸ್ವಾತಂತ್ರ್ಯ. ಹಡಗಿನ ಟಿಕೇಟಿಗೆ ಹಣವಿಲ್ಲದವಳ ಗತಿಯನ್ನು ಯಾವ ಕಂಬವೂ ಹೇಳಲಿಲ್ಲ.

ಮತ್ತೊಂದು ಪತ್ರದಲ್ಲಿ ಒಂಬತ್ತು ವಾರದ ಭ್ರೂಣವು ತಾನೇ ಮಾತನಾಡುತ್ತದೆ: ನಾನು ಆಕಳಿಸಬಲ್ಲೆ, ಒದೆಯಬಲ್ಲೆ, ನನ್ನನ್ನು ತೆಗೆದುಹಾಕಬೇಡಿ ಎಂದು. ಆ ವಯಸ್ಸಿನ ಭ್ರೂಣದ ಉದ್ದ ಒಂದು ಅಂಗುಲಕ್ಕೂ ಕಡಮೆ. ಚಿತ್ರದಲ್ಲಿಯೋ ಅದು ಬೀದಿಯಲ್ಲಿ ನಡೆಯುವವನ ಮುಖದಷ್ಟಿದೆ. ಚಿಕ್ಕದಾದುದರಿಂದ ಅದಕ್ಕೆ ಬೆಲೆಯಿಲ್ಲವೆಂದು ನಾನು ಹೇಳುತ್ತಿಲ್ಲ. ಬೆಲೆಯುಂಟೆಂದು ವಾದಿಸುವವನು ವಾದಿಸಲಿ, ಅದು ಗೌರವಾರ್ಹವಾದ ವಾದ. ಆದರೆ ಚಲನೆಯಿದೆ, ಆದಕಾರಣ ತಾಯಿಗೆ ಸಮಾನವಾದ ಹಕ್ಕಿದೆ ಎಂಬಲ್ಲಿ ಹೇತುವು ಸವ್ಯಭಿಚಾರ. ಚಲನೆಯುಳ್ಳುದು ಲೋಕದಲ್ಲಿ ಇನ್ನೆಷ್ಟೋ ಇದೆ. ಅವಕ್ಕೆಲ್ಲ ಆ ಹಕ್ಕನ್ನು ವಾದಿಯೇ ಒಪ್ಪನು. ನಡುವಣ ಮೆಟ್ಟಿಲನ್ನು ಕಟ್ಟುವ ಬದಲು ಅಲ್ಲಿ ಒಂದು ಆಕಳಿಕೆಯನ್ನು ಇಟ್ಟಿದ್ದಾರೆ.

ಬ್ರಿಟನ್ನಿನಲ್ಲಿ ಡೌನ್ ಸಿಂಡ್ರೋಮ್ ಇರುವ ಶಿಶುಗಳಲ್ಲಿ ನೂರಕ್ಕೆ ತೊಂಬತ್ತನ್ನು ಕೊಲ್ಲಲಾಗುತ್ತಿದೆಯೆಂಬ ಪ್ರಚಾರ ಇನ್ನೂ ಕ್ರೂರವಾದುದು. ಬಸಿರಿನಲ್ಲಿಯೇ ಪರೀಕ್ಷೆ ಮಾಡಿಸಿ ಆ ಲಕ್ಷಣ ಖಚಿತವಾದವರ ಪ್ರಮಾಣವದು. ಪರೀಕ್ಷೆಯನ್ನೇ ಮಾಡಿಸದೆ ಹೆತ್ತ ತಾಯಂದಿರು ಆ ಲೆಕ್ಕಕ್ಕೆ ಸೇರಿಲ್ಲ. ಅಂಥ ಮಕ್ಕಳ ಪರವಾಗಿ ದುಡಿಯುವ ಅಲ್ಲಿಯ ಸಂಸ್ಥೆಯೇ, ನಮ್ಮ ಮಕ್ಕಳನ್ನು ನಿಮ್ಮ ವಾದದ ಸರಕಾಗಿಸಬೇಡಿರೆಂದು ಉಭಯ ಪಕ್ಷಗಳನ್ನೂ ಕೇಳಿಕೊಳ್ಳಬೇಕಾಯಿತು.

ಇನ್ನು ನಮ್ಮ ಮಗಳ ಮಾತಿಗೆ ಬರೋಣ. ಸವಿತಾ ಹಾಲಪ್ಪನವರ ಬೆಳಗಾವಿಯಲ್ಲಿ ಬೆಳೆದವಳು, ಅಲ್ಲಿಯೇ ದಂತವೈದ್ಯ ಪದವಿ ಪಡೆದವಳು. ಮದುವೆಯಾಗಿ ಐರ್ಲೆಂಡಿಗೆ ಹೋದಳು. 2012ರ ಅಕ್ಟೋಬರ್ 21ರಂದು, ಹದಿನೇಳು ವಾರದ ಬಸಿರಿನಲ್ಲಿ, ಬೆನ್ನುನೋವೆಂದು ಗಾಲ್ವೇ ನಗರದ ಆಸ್ಪತ್ರೆಗೆ ಬಂದಳು. ಗರ್ಭ ಉಳಿಯಲಾರದೆಂದು ತಿಳಿಯಿತು. ಬಯಸಿ ಪಡೆದ ಬಸಿರು. ಉಳಿಯದೆಂದ ಮೇಲೆ ತೆಗೆದುಬಿಡಿರೆಂದು ದಂಪತಿಗಳು ಕೇಳಿದರು. ಭ್ರೂಣದ ಹೃದಯ ಇನ್ನೂ ಬಡಿಯುತ್ತಿತ್ತು. ಕಾನೂನು ಬಿಡದೆಂಬ ಉತ್ತರ ಬಂತು. ಅಕ್ಟೋಬರ್ 28ರಂದು ರಕ್ತಕ್ಕೆ ನಂಜೇರಿ ತೀರಿಕೊಂಡಳು. ಆಗ ವಯಸ್ಸು 31.

2018ರಲ್ಲಿ ಆಕೆಯ ನಗುಮುಖ ಕಂಬಗಳ ಮೇಲೆ ಬಂತು. ಹೆತ್ತವರ ಒಪ್ಪಿಗೆಯಿಂದಲೇ ಬಂತು. ಮಗಳನ್ನು ನೆನೆದು ಮತ ಕೊಡಿರೆಂದು ತಂದೆಯವರು ಬೆಳಗಾವಿಯಿಂದ ಐರ್ಲೆಂಡಿನ ಜನರನ್ನು ಬೇಡಿಕೊಂಡರು. ಆ ಚಿತ್ರವನ್ನು ಪತ್ರಿಕೆಯಲ್ಲಿ ಕಂಡಾಗ ನನಗೂ ಗಂಟಲು ಕಟ್ಟಿತು. ಯಾವ ಪ್ರಶ್ನೆಯೂ ಏಳಲಿಲ್ಲ. ಏಳಲಿಲ್ಲವೆಂಬುದು ಮರುದಿನ ನೆನಪಾದಾಗ ನಾಚಿಕೆಯಾಯಿತು. ಎದುರು ಪಕ್ಷದ ಆಕಳಿಕೆಯನ್ನು ಜರೆದವನು ನಮ್ಮೂರ ಮಗಳ ನಗೆಗೆ ತಲೆದೂಗಿದ್ದೆ.

ಪರೀಕ್ಷಿಸಿ ನೋಡೋಣ. ಆಕೆಯ ಸಾವಿನ ಬಗ್ಗೆ ನಡೆದ ವಿಚಾರಣೆಗಳು ಒಂದೇ ಕಾರಣವನ್ನು ಹೇಳಲಿಲ್ಲ. 2013ರ ಜೂನ್‌ನಲ್ಲಿ ಪ್ರೊಫೆಸರ್ ಅರುಳ್‌ಕುಮಾರನ್ ಅವರ ಸಮಿತಿ ಕೊಟ್ಟ ವರದಿಯು ರೋಗಿಯ ಸ್ಥಿತಿಯನ್ನು ಸರಿಯಾಗಿ ಗಮನಿಸದಿದ್ದುದನ್ನೂ, ಗರ್ಭಪಾತವೂ ಸೇರಿ ಇರುವ ಮಾರ್ಗಗಳನ್ನೆಲ್ಲ ಮುಂದಿಡದಿದ್ದುದನ್ನೂ, ನಂಜಿನ ಚಿಕಿತ್ಸೆಯ ನಿಯಮಗಳನ್ನು ಪಾಲಿಸದಿದ್ದುದನ್ನೂ ಹೇಳಿತು. ಆದಕಾರಣ ತಿದ್ದುಪಡಿಯೊಂದೇ ಆಕೆಯನ್ನು ಕೊಂದಿತೆಂಬುದು ಅರ್ಧಸತ್ಯ. ಕೊಂದುದು ನಂಜು, ಕಾನೂನಲ್ಲ ಎಂದ ಎದುರು ಪಕ್ಷದವರ ಮಾತೂ ಅರ್ಧಸತ್ಯವೇ. ಸೋಮವಾರವೋ ಮಂಗಳವಾರವೋ ಗರ್ಭ ತೆಗೆದಿದ್ದರೆ ಬಹುಶಃ ಬದುಕುತ್ತಿದ್ದಳು, ಆದರೆ ಆ ದಿನ ಕಾನೂನು ಅದಕ್ಕೆ ಅವಕಾಶ ಕೊಡುತ್ತಿರಲಿಲ್ಲವೆಂದು ಪರಿಣತ ವೈದ್ಯರು ಮರಣವಿಚಾರಣೆಯಲ್ಲಿ ಸಾಕ್ಷ್ಯ ನುಡಿದಿದ್ದರು.

ಇನ್ನೊಂದು ತೊಡಕನ್ನು ಚಿತ್ರ ಮರೆಮಾಡಿತು. ತಾಯಿಯ ಪ್ರಾಣಕ್ಕೆ ಅಪಾಯವಿರುವಾಗ ಗರ್ಭಪಾತಕ್ಕೆ ಅವಕಾಶ ಕೊಡುವ ಕಾಯಿದೆ, ಆಕೆ ಸತ್ತ ಮರುವರ್ಷ, 2013ರಲ್ಲಿಯೇ ಬಂದಿತ್ತು. 2018ರಲ್ಲಿ ಸರ್ಕಾರ ಮುಂದಿಟ್ಟಿದ್ದ ಕರಡು ಹನ್ನೆರಡು ವಾರದವರೆಗೆ ಕಾರಣ ಕೇಳದೆ ಅನುಮತಿಸುವಂಥದು. ಸವಿತಾಳದು ಹದಿನೇಳು ವಾರದ, ಬಯಸಿದ, ಉಳಿಯಲಾರದ ಬಸಿರು. ಅಲ್ಲಿಂದ ಇಲ್ಲಿಗೆ ಬರಲು ದಾರಿಯಿದೆ. ಪ್ರಾಣಕ್ಕೆ ಅಪಾಯ, ಆರೋಗ್ಯಕ್ಕೆ ಅಪಾಯ ಎಂದು ಹಾಸಿಗೆಯ ಪಕ್ಕದಲ್ಲಿ ಗೆರೆಯೆಳೆಯಲು ವೈದ್ಯರಿಂದಾಗದು, ಸಂವಿಧಾನದ ಆ ವಾಕ್ಯವಿರುವತನಕ ಅವರ ಕೈ ನಡುಗುತ್ತಲೇ ಇರುವುದು ಎಂದು ವಾದಿಸಬಹುದು. ಹಾಗೆ ವಾದಿಸಿದವರೂ ಇದ್ದರು. ನನಗೆ ಆ ವಾದ ಬಲವಾದುದೆಂದೇ ತೋರುತ್ತದೆ. ಆದರೆ ಕಂಬದ ಮೇಲೆ ಅದಿರಲಿಲ್ಲ, ಮುಖವಷ್ಟೇ ಇತ್ತು.

ಹಾಗಾದರೆ ಹೆತ್ತವರು ಸುಮ್ಮನಿರಬೇಕಿತ್ತೇ ಎಂದು ನೀವು ಕೇಳುವಿರಿ. ಎಂದಿಗೂ ಅಲ್ಲ. ತಂದೆಯ ಶೋಕವು ಸಾಕ್ಷ್ಯ; ಹೀಗೊಂದು ನಡೆಯಿತೆಂಬುದನ್ನು ಅದು ತಿಳಿಸುತ್ತದೆ. ಸಾಕ್ಷಿ ಹೇಳುವವನು ಅಳಬಹುದು. ತೀರ್ಪು ಬರೆಯುವವನು ಆ ಅಳುವನ್ನಷ್ಟೇ ನೋಡಿ ಬರೆದರೆ ನಾಳೆ ಇನ್ನೂ ಜೋರಾಗಿ ಅಳಬಲ್ಲವನು ತೀರ್ಪನ್ನು ತಿರುಗಿಸಿಯಾನು. ಡಬ್ಲಿನ್ ನಗರದ ಗೋಡೆಯೊಂದರ ಮೇಲೆ ಬರೆದಿದ್ದ ಸವಿತಾಳ ಚಿತ್ರದ ಸುತ್ತ ಮತದಾನದ ದಿನಗಳಲ್ಲಿ ಅಲ್ಲಿಯ ಜನ ಚೀಟಿಗಳನ್ನಂಟಿಸಿ ಆಕೆಯ ಕ್ಷಮೆ ಕೇಳಿದರು. ಅದನ್ನು ಜಾಹೀರಾತೆನ್ನಲು ನನಗೆ ಮನಸ್ಸಿಲ್ಲ. ಅಲ್ಲಿ ಯಾರೂ ಯಾರನ್ನೂ ಒಪ್ಪಿಸುತ್ತಿರಲಿಲ್ಲ.

ಐರ್ಲೆಂಡಿನ ಕಂಬಗಳನ್ನು ನೋಡಿ ನಾವು ನಗುವಂತಿಲ್ಲ. 1980ರ ದಶಕದಲ್ಲಿ ಉತ್ತರ ಮತ್ತು ಪಶ್ಚಿಮ ಭಾರತದ ಊರುಗಳಲ್ಲಿ, ಈಗ ಕೆಲವು ನೂರು ರೂಪಾಯಿ ಖರ್ಚು ಮಾಡಿ ಮುಂದೆ ವರದಕ್ಷಿಣೆಯ ಲಕ್ಷಗಳನ್ನು ಉಳಿಸಿರೆಂಬ ಅರ್ಥದ ಫಲಕಗಳನ್ನು ಲಿಂಗಪತ್ತೆಯ ಚಿಕಿತ್ಸಾಲಯಗಳು ಹಾಕಿಕೊಂಡಿದ್ದುವು. 1994ರ ಕಾಯಿದೆಯು ಲಿಂಗಪತ್ತೆಯನ್ನೂ ಅದರ ಜಾಹೀರಾತನ್ನೂ ನಿಷೇಧಿಸಿತು. ಫಲಕಗಳು ಇಳಿದುವು, ಅವುಗಳ ಜಾಗದಲ್ಲಿ ಸದುದ್ದೇಶದ ಭಿತ್ತಿಪತ್ರಗಳು ಏರಿದುವು. ನಮ್ಮ ಆಸ್ಪತ್ರೆಗಳ ಗೋಡೆಗಳಲ್ಲಿ, ಜಾತ್ರೆಯ ಆರೋಗ್ಯ ಮಳಿಗೆಗಳಲ್ಲಿ ನೀವು ಕಂಡಿರುವಿರಿ: ಗರ್ಭದೊಳಗಿನ ಶಿಶು ಕೈಜೋಡಿಸಿ, ಅಮ್ಮಾ ನನ್ನನ್ನು ಕೊಲ್ಲಬೇಡ ಎನ್ನುತ್ತದೆ. ಕೆಳಗೆ ಭ್ರೂಣಹತ್ಯೆ ಮಹಾಪಾಪವೆಂದಿದೆ.

ಡಬ್ಲಿನ್ನಿನ ಕಂಬದ ಮೇಲೆ ಮಾತನಾಡಿದ ಭ್ರೂಣವೇ ಇಲ್ಲಿ ಕನ್ನಡ ಕಲಿತಿದೆ. ಅದು ಯಾರನ್ನು ಬೇಡುತ್ತಿದೆ ನೋಡಿರಿ. ತಾಯಿಯನ್ನು! ಗರ್ಭಿಣಿಯನ್ನು ಗಂಡನೋ ಬಂಧುಗಳೋ ಬಲವಂತ ಮಾಡಿರುವರೆಂದೇ ಈ ಕಾಯಿದೆ ಮೊದಲಿಗೆ ಭಾವಿಸುತ್ತದೆ. ಬಲವಂತಕ್ಕೆ ಒಳಗಾದವಳನ್ನು ಶಿಕ್ಷಿಸುವುದಿಲ್ಲ. ಕಾನೂನು ಬಿಟ್ಟವಳನ್ನು ಭಿತ್ತಿಪತ್ರ ಹಿಡಿದು ನಿಲ್ಲಿಸಿದೆ. ಅತ್ತೆಯೂ ಗಂಡನೂ ಯಂತ್ರದ ಮುಂದೆ ಕುಳಿತ ವೈದ್ಯನೂ ಚಿತ್ರದಿಂದ ಹೊರಗೆ ಆರಾಮವಾಗಿದ್ದಾರೆ. ಅಷ್ಟೇ ಅಲ್ಲ. ಕಾನೂನುಬದ್ಧವಾದ ಗರ್ಭಪಾತಕ್ಕೆ ನಮ್ಮ ದೇಶದಲ್ಲಿ 1971ರ ಕಾಯಿದೆ ಅವಕಾಶ ಕೊಟ್ಟಿದೆ. ಪ್ರಾಣಾಪಾಯದಲ್ಲಿರುವವಳೂ ಅತ್ಯಾಚಾರಕ್ಕೊಳಗಾದವಳೂ ಇದೇ ಗೋಡೆಯ ಮುಂದೆ ಸರದಿಯಲ್ಲಿ ನಿಲ್ಲುತ್ತಾರೆ. ಯಾವ ಹತ್ಯೆ, ಯಾವುದು ಅನುಮತಿಯುಳ್ಳದ್ದು ಎಂದು ಪತ್ರ ಹೇಳುವುದಿಲ್ಲ. ಆಕೆ ತಾನೇ ಅಪರಾಧಿಯೆಂದು ಬಗೆದು ಮನೆಗೆ ಮರಳುವಳು, ಇಲ್ಲವೆ ಗುಟ್ಟಾಗಿ ಯಾರದೋ ಕೈಗೆ ಬೀಳುವಳು.

ನಿಮ್ಮಲ್ಲಿ ಶಿಕ್ಷಕರಿದ್ದೀರಿ, ವೈದ್ಯರಿದ್ದೀರಿ, ಸಂಘಗಳ ಪದಾಧಿಕಾರಿಗಳಿದ್ದೀರಿ. ಮುಂದಿನ ಜಾತ್ರೆಗೆ ಇಂಥದೊಂದು ಪತ್ರದ ಕರಡು ನಿಮ್ಮ ಮೇಜಿಗೆ ಬಂದರೆ, ಕೈಮುಗಿದ ಶಿಶುವನ್ನು ತೆಗೆಸಿರಿ. ಆ ಜಾಗದಲ್ಲಿ, ಹುಟ್ಟುವುದು ಗಂಡೋ ಹೆಣ್ಣೋ ಎಂದು ಪರೀಕ್ಷಿಸಿ ಹೇಳುವುದೂ, ಹೇಳಿರೆಂದು ಮನೆಯವರು ಒತ್ತಾಯಿಸುವುದೂ ಅಪರಾಧ. ತೊಂದರೆಯಲ್ಲಿರುವ ಗರ್ಭಿಣಿಗೆ ಇಪ್ಪತ್ತು ವಾರದವರೆಗೂ, 2021ರ ತಿದ್ದುಪಡಿಯಂತೆ ಕೆಲವು ಸಂದರ್ಭಗಳಲ್ಲಿ ಇಪ್ಪತ್ತನಾಲ್ಕು ವಾರದವರೆಗೂ ಕಾನೂನಿನ ಆಶ್ರಯವುಂಟು, ವೈದ್ಯರನ್ನು ಕೇಳಲಿ ಎಂದು ಬರೆಯಿಸಿರಿ. ಅಕ್ಷರ ದಪ್ಪಗಿರಲಿ, ಸರದಿಯ ಕೊನೆಯಲ್ಲಿ ನಿಂತವಳಿಗೂ ಕಾಣುವಂತೆ.