ಫೋಲ್ಡರ್ ತೆರೆದರೆ ಮೊದಲು ಕಂಡದ್ದು ಪಕ್ಕದ ಮನೆಯ ಪಾಲುಪತ್ರ

ನಮ್ಮ ಹಳೆಯ ಕಂಪ್ಯೂಟರಿನಲ್ಲಿ ಇದ್ದದ್ದು ವಿಂಡೋಸ್ 10. ಮೈಕ್ರೋಸಾಫ್ಟ್ ಅದಕ್ಕೆ 2025ರ ಅಕ್ಟೋಬರ್ 14ಕ್ಕೆ ಬೆಂಬಲ ನಿಲ್ಲಿಸಿತು. ವಿಂಡೋಸ್ 11 ಹಾಕೋಣವೆಂದರೆ ಆ ಮುದಿ ಯಂತ್ರಕ್ಕೆ ಹಿಡಿಸಲಿಲ್ಲ. ಕೊನೆಗೆ ನಾವೆಲ್ಲ ಸ್ವಲ್ಪ ಸ್ವಲ್ಪ ದುಡ್ಡು ಹಾಕಿ ಹೊಸದೊಂದನ್ನು ತಂದೆವು. ಅರಿಶಿನ ಕುಂಕುಮ ಹಚ್ಚಿ, ಊದುಬತ್ತಿ ಬೆಳಗಿ, ಪರದೆಯ ಮೇಲೆ ಊರ ಕೆರೆಯ ಫೋಟೋ ಹಾಕಿದೆವು. ಅಷ್ಟಾದರೆ ಕಂಪ್ಯೂಟರ್ ನಮ್ಮದಾಯಿತು ಅಂದುಕೊಂಡೆವು.

ನಾವು ಸುದ್ದಿ ಬರೆಯುವುದರ ಜೊತೆಗೆ ಊರವರಿಗೆ ಅರ್ಜಿ ಟೈಪ್ ಮಾಡಿಕೊಡುತ್ತೇವೆ, ಪ್ರಿಂಟ್ ತೆಗೆದುಕೊಡುತ್ತೇವೆ. ಕಂಪ್ಯೂಟರ್ ಬಂದ ವಾರದಲ್ಲೇ ಒಬ್ಬ ಅಣ್ಣ ಬಂದು ಜಮೀನಿನ ಪಾಲುಪತ್ರದ ಕರಡು ಟೈಪ್ ಮಾಡಿಸಿದರು. ತಮ್ಮನಿಗೆ ಇನ್ನೂ ವಿಷಯ ಹೇಳಿರಲಿಲ್ಲ. ಹಬ್ಬಕ್ಕೆ ಎಲ್ಲರೂ ಸೇರಿದಾಗ ಕೂತು ಮಾತಾಡೋಣವೆಂದು ಇದ್ದರು. ಮಾರನೇ ದಿನ ಅದೇ ತಮ್ಮನ ಹೆಂಡತಿ ಮಗನ ಅಂಕಪಟ್ಟಿ ಪ್ರಿಂಟ್ ಮಾಡಿಸಲು ಬಂದರು. ಪೆನ್‌ಡ್ರೈವ್ ಚುಚ್ಚಿ ಹಳದಿ ಫೋಲ್ಡರಿನ ಚಿತ್ರ ಒತ್ತಿದೆವು. ಪರದೆಯ ಮೇಲೆ ಮೊದಲು ಬಂದದ್ದು ಅಂಕಪಟ್ಟಿಯಲ್ಲ. ಅವರ ಮನೆತನದ ಹೆಸರಿನ ಜೊತೆ ‘ಪಾಲುಪತ್ರ’ ಎಂಬ ಫೈಲು.

ಆ ಅಕ್ಕ ಏನೂ ಕೇಳಲಿಲ್ಲ. ಪ್ರಿಂಟ್ ತಗೊಂಡು, ಹತ್ತು ರೂಪಾಯಿ ಮೇಜಿನ ಮೇಲಿಟ್ಟು ಹೋದರು. ರಾತ್ರಿ ಆ ಮನೆಯ ಜಗಳ ಬೀದಿಗೆ ಬಂತು.

ತಪ್ಪು ನಮ್ಮದು, ಅದನ್ನು ಇನ್ನೊಬ್ಬರ ತಲೆಗೆ ಕಟ್ಟುವುದಿಲ್ಲ. ಆದರೆ ಆ ಫೈಲು ಅಲ್ಲಿ ಯಾಕೆ ಕಂಡಿತು ಎಂದು ಹುಡುಕಿದಾಗ ತಿಳಿದ ಸಂಗತಿ ಪ್ರತಿ ಊರಿಗೂ ಬೇಕಾದದ್ದು. ಅದಕ್ಕೇ ಬರೆಯುತ್ತಿದ್ದೇವೆ.

ಕಂಪ್ಯೂಟರಿನಲ್ಲಿ ಫೈಲುಗಳನ್ನು ಹುಡುಕಲು, ತೆರೆಯಲು ಇರುವ ಕಿಟಕಿಗೆ ವಿಂಡೋಸಿನಲ್ಲಿ ಫೈಲ್ ಎಕ್ಸ್‌ಪ್ಲೋರರ್ ಎನ್ನುತ್ತಾರೆ. ಹೊಸ ಕಂಪ್ಯೂಟರಿನಲ್ಲಿ ಅದು ‘ಹೋಮ್’ ಎಂಬ ಪುಟದಿಂದ ಶುರುವಾಗುತ್ತದೆ. ಇತ್ತೀಚೆಗೆ ತೆರೆದ ಫೈಲುಗಳನ್ನೆಲ್ಲ ಅಲ್ಲಿ ಸಾಲಾಗಿ ತೋರಿಸುತ್ತದೆ. ಒಬ್ಬರೇ ಬಳಸುವ ಕಂಪ್ಯೂಟರಿಗೆ ಇದು ಒಳ್ಳೆಯ ಅನುಕೂಲ. ನಿನ್ನೆ ಬಿಟ್ಟ ಕೆಲಸ ಇವತ್ತು ಕಣ್ಣೆದುರೇ ಇರುತ್ತದೆ.

ಆದರೆ ಹಳ್ಳಿಯ ಕಂಪ್ಯೂಟರ್ ಒಬ್ಬರದಲ್ಲ. ಜೆರಾಕ್ಸ್ ಅಂಗಡಿಯದ್ದಿರಲಿ, ಸಂಘದ ಕಚೇರಿಯದ್ದಿರಲಿ, ನಮ್ಮಂಥವರ ಕೋಣೆಯದ್ದಿರಲಿ, ಒಂದು ಯಂತ್ರದ ಮುಂದೆ ಇಡೀ ಊರು ಬಂದು ನಿಲ್ಲುತ್ತದೆ. ಒಬ್ಬರಿಗೊಂದು ಕಂಪ್ಯೂಟರ್ ಎಂಬ ಲೆಕ್ಕದಲ್ಲಿ ಮಾಡಿದ ಏರ್ಪಾಡು ಊರಿಗೆಲ್ಲ ಒಂದೇ ಕಂಪ್ಯೂಟರ್ ಇರುವ ಕಡೆ ಚಾಡಿಕೋರನಾಗುತ್ತದೆ. ಆದ್ದರಿಂದ ನಮ್ಮ ಮಾತು ಇಷ್ಟೇ: ಹತ್ತು ಜನರ ಕಾಗದ ಮುಟ್ಟುವ ಕಂಪ್ಯೂಟರ್ ಬಂದ ದಿನವೇ, ಮೊದಲ ಗಿರಾಕಿ ಬರುವ ಮುಂಚೆ, ಈ ಕಿಟಕಿಯನ್ನು ನಮ್ಮ ಊರಿಗೆ ತಕ್ಕಂತೆ ಬದಲಿಸಬೇಕು. ಇದು ಶೋಕಿಯ ಕೆಲಸವಲ್ಲ, ಕೆಲಸದ ಮರ್ಯಾದೆ.

ಬದಲಿಸುವುದು ಕಷ್ಟವಲ್ಲ. ಫೈಲ್ ಎಕ್ಸ್‌ಪ್ಲೋರರ್ ತೆರೆದು, ಮೇಲಿನ ಸಾಲಿನಲ್ಲಿರುವ ಮೂರು ಚುಕ್ಕಿ ಒತ್ತಿ, ‘ಆಪ್ಷನ್ಸ್’ಗೆ ಹೋಗಿ. ‘ಜನರಲ್’ ಪುಟದ ಮೇಲ್ಭಾಗದಲ್ಲಿ ‘ಹೋಮ್’ ಬದಲು ‘ದಿಸ್ ಪಿಸಿ’ ಆರಿಸಿ. ಇನ್ನು ಮುಂದೆ ಕಿಟಕಿ ತೆರೆದರೆ ಡ್ರೈವ್‌ಗಳು ಕಾಣುತ್ತವೆ, ಯಾರದೋ ಕಾಗದವಲ್ಲ. ಅದೇ ಪುಟದ ಕೆಳಗೆ ‘ಪ್ರೈವಸಿ’ ಎಂದಿದೆ. ಇತ್ತೀಚಿನ ಫೈಲು ತೋರಿಸು, ಪದೇ ಪದೇ ಬಳಸುವ ಫೋಲ್ಡರ್ ತೋರಿಸು ಎಂಬಲ್ಲಿರುವ ಟಿಕ್ ತೆಗೆಯಿರಿ. ಪಕ್ಕದ ‘ಕ್ಲಿಯರ್’ ಒತ್ತಿ. ಅಲ್ಲಿ ಅಳಿಯುವುದು ಪಟ್ಟಿ ಮಾತ್ರ, ಫೈಲುಗಳು ಇದ್ದಲ್ಲೇ ಇರುತ್ತವೆ.

ಎರಡನೆಯದು ಫೈಲಿನ ಬಾಲ. ಪ್ರತಿ ಫೈಲಿನ ಹೆಸರಿನ ಕೊನೆಗೆ ಒಂದು ಚುಕ್ಕಿ, ಅದರ ಮುಂದೆ ಕೆಲವು ಅಕ್ಷರ ಇರುತ್ತವೆ. ಪಿಡಿಎಫ್ ಎಂದಿದ್ದರೆ ಓದುವ ಕಾಗದ, ಜೆಪಿಜಿ ಎಂದಿದ್ದರೆ ಫೋಟೋ, ಇಎಕ್ಸ್ಇ ಎಂದಿದ್ದರೆ ಒತ್ತಿದ ಕೂಡಲೇ ಓಡುವ ಪ್ರೋಗ್ರಾಂ. ವಿಂಡೋಸ್ ಈ ಬಾಲವನ್ನು ತಾನಾಗಿಯೇ ಮುಚ್ಚಿಡುತ್ತದೆ. ಮೋಸಗಾರರಿಗೆ ಬೇಕಾದದ್ದೂ ಅದೇ. 2000ದ ಮೇ ತಿಂಗಳಲ್ಲಿ ‘ಐ ಲವ್ ಯು’ ಎಂಬ ವೈರಸ್ ಪ್ರಪಂಚದ ಲಕ್ಷಾಂತರ ಕಂಪ್ಯೂಟರುಗಳಿಗೆ ಹಬ್ಬಿತು. ಇಮೇಲಿನಲ್ಲಿ ಬಂದ ಪ್ರೇಮಪತ್ರದ ಹೆಸರಿನ ಕೊನೆಗೆ ಟಿಎಕ್ಸ್‌ಟಿ ಎಂದು ಕಾಣುತ್ತಿತ್ತು. ಅದರಾಚೆಗೆ ವಿಬಿಎಸ್ ಎಂಬ ನಿಜವಾದ ಬಾಲ ಅಡಗಿತ್ತು. ಜನ ಕಾಗದವೆಂದು ತೆರೆದರು, ಒಳಗಿದ್ದ ಪ್ರೋಗ್ರಾಂ ಓಡಿತು.

ಇದು ಹಳೇ ಕತೆ ಎನ್ನಬೇಡಿ. ನಿಮ್ಮ ಫೋನಿಗೆ ವಾಟ್ಸಾಪಿನಲ್ಲಿ ಮದುವೆ ಕರೆಯೋಲೆ ಎಂದು ಬರುವ ಎಪಿಕೆ ಫೈಲಿನ ಮೋಸವೂ ಇದೇ ಜಾತಿಯದ್ದು. ಕರೆಯೋಲೆ ಫೋಟೋ ಆಗಿರಬಹುದು, ಪಿಡಿಎಫ್ ಆಗಿರಬಹುದು. ಎಪಿಕೆ ಎಂದರೆ ಆ್ಯಪ್. ಮದುವೆಗೆ ಕರೆಯಲು ಯಾರಿಗೂ ಆ್ಯಪ್ ಬೇಕಿಲ್ಲ. ಕಂಪ್ಯೂಟರಿನಲ್ಲಿ ‘ವ್ಯೂ’ ಒತ್ತಿ, ‘ಶೋ’ಗೆ ಹೋಗಿ, ‘ಫೈಲ್ ನೇಮ್ ಎಕ್ಸ್‌ಟೆನ್ಶನ್ಸ್’ಗೆ ಟಿಕ್ ಹಾಕಿದರೆ ಬಾಲ ಕಾಣುತ್ತದೆ. ಬಾಲ ಕಂಡರೆ ಹಾವೋ ಹಗ್ಗವೋ ಗೊತ್ತಾಗುತ್ತದೆ.

ಮೂರನೆಯದು ‘ಡೌನ್‌ಲೋಡ್ಸ್’ ಫೋಲ್ಡರ್. ಊರಿನ ಆಧಾರ್ ಎಲ್ಲ ಅಲ್ಲೇ ಬಿದ್ದಿರುತ್ತದೆ. ಆಧಾರ್ ಪಿಡಿಎಫ್‌ಗೆ ಪಾಸ್‌ವರ್ಡ್ ಇದೆಯಲ್ಲ ಎಂದು ನೀವು ಕೇಳಬಹುದು. ಆ ಪಾಸ್‌ವರ್ಡ್ ಇಂಗ್ಲಿಷಿನಲ್ಲಿ ಹೆಸರಿನ ಮೊದಲ ನಾಲ್ಕು ಅಕ್ಷರ ಮತ್ತು ಹುಟ್ಟಿದ ವರ್ಷ. ಪಟ್ಟಣದಲ್ಲಿ ಅದು ಬೀಗ ಇರಬಹುದು. ಎಲ್ಲರ ಹೆಸರು, ವಯಸ್ಸು ಎಲ್ಲರಿಗೂ ಗೊತ್ತಿರುವ ಊರಿನಲ್ಲಿ ಅದು ಬರೀ ಚಿಲಕ. ಆದ್ದರಿಂದ ನಾವು ಈಗ ಸಂಜೆ ಬಾಗಿಲು ಹಾಕುವ ಮುಂಚೆ ಆ ಫೋಲ್ಡರನ್ನೂ ರೀಸೈಕಲ್ ಬಿನ್ನನ್ನೂ ಖಾಲಿ ಮಾಡುತ್ತೇವೆ. ಡಿಲೀಟ್ ಒತ್ತಿದ ಫೈಲು ಮೊದಲು ಹೋಗಿ ಕೂರುವುದು ಆ ಬುಟ್ಟಿಯಲ್ಲೇ. ಬುಟ್ಟಿ ಚೆಲ್ಲದಿದ್ದರೆ ಕಸ ಮನೆಯಲ್ಲೇ ಇದ್ದಂತೆ.

ಯಾರಾದರೂ ಕೆಲಸ ಉಳಿಸಿ ಹೋಗುವುದಾದರೆ, ಅವರ ಹೆಸರನ್ನು ನಮ್ಮ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಫೈಲಿಗೆ ಬರೀ ಸಂಖ್ಯೆ ಕೊಡುತ್ತೇವೆ. ಪುಸ್ತಕದಲ್ಲಿ ಹೆಸರು, ಕಂಪ್ಯೂಟರಿನಲ್ಲಿ ಸಂಖ್ಯೆ. ನಮ್ಮ ಸ್ವಂತ ಬರಹಗಳಿಗೆ ಮಾತ್ರ ಯೂನಿಕೋಡ್ ಕನ್ನಡದಲ್ಲೇ ಹೆಸರಿಡುತ್ತೇವೆ. ‘ನ್ಯೂ 1’, ‘ಫೈನಲ್ 2’ ಎಂದು ಇಟ್ಟುಕೊಂಡು ಆಮೇಲೆ ಹುಡುಕಿ ಸಾಯುವ ಕಾಲ ಹೋಯಿತು.

ನಮ್ಮಲ್ಲೇ ಒಬ್ಬರು ಇದಕ್ಕೆ ತಕರಾರು ತೆಗೆದರು. ಇಷ್ಟೆಲ್ಲ ಯಾಕೆ, ಒಬ್ಬೊಬ್ಬರಿಗೂ ಬೇರೆ ಬೇರೆ ಲಾಗಿನ್ ಮಾಡಿ ಮುಗಿಸಿ ಎಂದರು. ಮಾತು ಸರಿಯಾದದ್ದೇ. ನಾವು ಕೆಲಸ ಮಾಡುವವರಿಗೆಲ್ಲ ಹಾಗೇ ಮಾಡಿಕೊಂಡಿದ್ದೇವೆ. ಆದರೆ ಕರೆಂಟ್ ಹೋಗುವ ಮುಂಚೆ ಪ್ರಿಂಟ್ ಬೇಕು ಎಂದು ಐದು ಜನ ಬಾಗಿಲಲ್ಲಿ ನಿಂತಾಗ ಯಾರು ಲಾಗಿನ್ ಬದಲಿಸುತ್ತಾರೆ? ನಾವೇ ಪಾಸ್‌ವರ್ಡನ್ನು ಗೋಡೆಯ ಕ್ಯಾಲೆಂಡರ್ ಮೇಲೆ ಬರೆದಿಟ್ಟವರು. ಅವಸರದಲ್ಲೂ ಕೈಕೊಡದ ಏರ್ಪಾಡು ಬೇಕು.

ಇದರಿಂದ ಎಲ್ಲವೂ ಮುಚ್ಚಿಹೋಗುತ್ತದೆ ಎಂದೂ ಅಲ್ಲ. ವರ್ಡ್ ತನ್ನದೇ ಪಟ್ಟಿ ಇಟ್ಟುಕೊಳ್ಳುತ್ತದೆ, ಬ್ರೌಸರ್ ತನ್ನದೇ ಲೆಕ್ಕ ಇಡುತ್ತದೆ. ಅವನ್ನೂ ನೋಡಬೇಕು. 2023ರಲ್ಲಿ ನಮ್ಮ ದೇಶಕ್ಕೆ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು. ಕಾಯ್ದೆ ದೊಡ್ಡದು. ಆದರೆ ಅದು ನಮ್ಮ ಕೋಣೆಗೆ ಬಂದು ಆ ಟಿಕ್ ತೆಗೆಯುವುದಿಲ್ಲ.

ನೀವು ಕಂಪ್ಯೂಟರ್ ಇಟ್ಟುಕೊಂಡವರಲ್ಲದಿರಬಹುದು. ಆದರೂ ನಿಮ್ಮದೊಂದು ಕೆಲಸ ಇದೆ. ಮುಂದಿನ ಸಲ ಎಲ್ಲಾದರೂ ಕಾಗದ ಕೊಟ್ಟಾಗ ಹೊರಡುವ ಮುಂಚೆ, “ಅಣ್ಣ, ನನ್ನ ಫೈಲು ಅಳಿಸಿದ್ರಾ? ಬುಟ್ಟಿಯಿಂದಲೂ ತೆಗೆದ್ರಾ?” ಎಂದು ಕೇಳಿ. ನಾಚಿಕೊಳ್ಳಬೇಡಿ. ನಮ್ಮ ಕೋಣೆಗೆ ಬಂದಾಗಲೂ ಕೇಳಿ.

ಆ ಅಣ್ಣ ತಮ್ಮ ಈಗ ಮಾತಾಡುತ್ತಿದ್ದಾರೆ, ಪಾಲೂ ಆಯಿತು. ಆದರೆ ಆ ಅಕ್ಕ ಮತ್ತೆ ನಮ್ಮಲ್ಲಿಗೆ ಪ್ರಿಂಟಿಗೆ ಬಂದಿಲ್ಲ.