ಬರೆಯುವ ಕೆಲಸ ಯಾವಾಗಲೂ ಅವಳಿಗೇ ಏಕೆ?

ಹಾಸ್ಟೆಲಿನಲ್ಲಿ ನಾವು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಡುತ್ತಿದ್ದೆವು. ಒಬ್ಬೊಬ್ಬರೂ ಒಂದೊಂದು ಪಾತ್ರ ವಹಿಸಿ, ದಾಳ ಉರುಳಿಸಿ, ಕಥೆ ಬೆಳೆಸುವ ಆಟ. 1974ರಲ್ಲಿ ಬಂದಾಗ ಅದರಲ್ಲಿ ಯೋಧ, ಮಾಂತ್ರಿಕ, ಪುರೋಹಿತ ಎಂಬ ಮೂರೇ ಬಗೆ. ಮರುವರ್ಷ ಕಳ್ಳ ಸೇರಿದ. ನಾಲ್ವರೂ ಇದ್ದರೆ ತಂಡ ಸಮತೋಲನದಲ್ಲಿದೆ ಎಂಬುದು ರೂಢಿ. ಗಾಯ ಮಾಗಿಸುವ ಪುರೋಹಿತನ ಪಾತ್ರ ನಮ್ಮಲ್ಲಿ ಯಾರಿಗೂ ಬೇಡ. ಮಾತು ಕಡಿಮೆಯಿದ್ದ ನನಗೇ ಅದು ಬರುತ್ತಿತ್ತು.

ಬೋಧನಾಭ್ಯಾಸಕ್ಕೆ ಹೋದಾಗ ಎಂಟನೇ ತರಗತಿಯಲ್ಲಿ ನಾನೂ ಅದನ್ನೇ ಮಾಡಿದೆ. ಅಕ್ಷರ ದುಂಡಗಿದ್ದ ಹುಡುಗಿಗೆ ಪ್ರತಿ ಗುಂಪು ಚಟುವಟಿಕೆಯಲ್ಲೂ ಬರೆಯುವ ಕೆಲಸ. ಚಾರ್ಟುಗಳು ಚೆನ್ನಾಗಿಯೇ ಬಂದವು. ನಾಲ್ಕನೇ ಪಾಠದ ದಿನ ಅವಳು ಕೇಳಿದಳು: “ಮಿಸ್, ಇವತ್ತು ನಾನು ಹೇಳ್ಲಾ?”

ಸಮತೋಲನ ಬೇಡವೆಂದು ನಾನು ಹೇಳುತ್ತಿಲ್ಲ. ತಂಡಕ್ಕೆ ಬೇಕಾದದ್ದು ಗಾಯ ಮಾಗುವುದು, ಪುರೋಹಿತನೇ ಆಗಬೇಕೆಂದಿಲ್ಲ. ಆಟದ 2014ರ ಆವೃತ್ತಿಯಲ್ಲಿ ಹಾಡುಗಾರನೂ ಆ ಕೆಲಸ ಮಾಡಬಲ್ಲ. ಗುಂಪಿಗೂ ಬರಹ ಬೇಕು, ಅದು ಒಬ್ಬಳದೇ ಆಗಬೇಕಿಲ್ಲ. ಆಟದಲ್ಲಿ ತಂಡ ಪಾರಾದರೆ ಸಾಕು. ತರಗತಿಯಲ್ಲಿ ಪ್ರತಿ ಮಗುವೂ ಕಲಿಯಬೇಕು. ಪಾಠಯೋಜನೆಯಲ್ಲಿ ಯಾರಿಗೆ ಯಾವ ಕೆಲಸ ಎಂದು ಬರೆಯುವಾಗ, ಕಳೆದ ಸಲ ಅವರು ಏನು ಮಾಡಿದ್ದರೆಂಬುದನ್ನೂ ಪಕ್ಕದಲ್ಲಿ ಬರೆದುಕೊಳ್ಳೋಣ.