ಕಪ್ಪು ಉಸಿರು ಬೇಕಿತ್ತು, ಕಪ್ಪು ಮುಖ?

'ನೀನು ಹೋರಾಟದವನು, ನಿನಗ್ಯಾಕಪ್ಪ ಬಿಳಿಯರ ರಾಕ್ ಮ್ಯೂಸಿಕ್ಕು?' ಅಂತ ಕೆಲವು ಗೆಳೆಯರು ಕೇಳ್ತಾನೇ ಇರ್ತಾರೆ. ಅದು ಬರೀ ಬಿಳಿಯರದ್ದು ಅಂತ ಹೇಳಿದ್ಯಾರು? ಒಂದೇ ಒಂದು ಆಲ್ಬಮ್ ಇಟ್ಕೊಂಡು ಮಾತಾಡ್ತೀನಿ. ಪೋಸ್ಟ್ ಸ್ವಲ್ಪ ಉದ್ದ ಇದೆ, ಓದಿ.

ಆಲ್ಬಮ್ ಹೆಸರು '4'. ಬ್ಯಾಂಡ್ ಫಾರಿನರ್. ವರ್ಷ 1981. ಬಿಲ್‌ಬೋರ್ಡ್ ಆಲ್ಬಮ್ ಪಟ್ಟಿಯಲ್ಲಿ 10 ವಾರ ಮೊದಲನೇ ಸ್ಥಾನದಲ್ಲಿತ್ತು. ಲೂ ಗ್ರಾಮ್‌ನ ಎದೆ ಸೀಳುವ ದನಿ, ಮಿಕ್ ಜೋನ್ಸ್‌ನ ಗಿಟಾರ್, ಒಂದೇ ಸಲ ಕೇಳಿದ್ರೂ ಗುನುಗುವಂಥ ರಾಗಗಳು. ಮೆಲೋಡಿಕ್ ರಾಕ್ ಅಂದ್ರೆ ಏನು ಅಂತ ಕೇಳಿದೋರಿಗೆ ಇದನ್ನೇ ಕೊಡಬಹುದು.

ಈಗ ಒಳಗೆ ಬನ್ನಿ. ರೆಕಾರ್ಡಿಂಗ್ ಆದದ್ದು ನ್ಯೂಯಾರ್ಕಿನ ಎಲೆಕ್ಟ್ರಿಕ್ ಲೇಡಿ ಸ್ಟುಡಿಯೋದಲ್ಲಿ. ಅದನ್ನ ಕಟ್ಟಿಸಿದ್ದು ಕಪ್ಪು ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್. 1970ರಲ್ಲಿ ಬಾಗಿಲು ತೆರೆದ ಕೆಲವೇ ವಾರಗಳಲ್ಲಿ ಆತ ತೀರಿಹೋದ. ಅಂದ್ರೆ ಮನೆಯೇ ಕಪ್ಪು ಮನುಷ್ಯ ಕಟ್ಟಿಸಿದ್ದು.

ಅಷ್ಟೊತ್ತಿಗೆ ಬ್ಯಾಂಡಿನ ಕೀಬೋರ್ಡ್ ವಾದಕ ಹೊರಗೆ ಹೋಗಿದ್ದ. ಆ ಜಾಗಕ್ಕೆ ಕರೆಸಿದವರಲ್ಲಿ ಒಬ್ಬ ಇಂಗ್ಲೆಂಡಿನ ಹುಡುಗ ಥಾಮಸ್ ಡಾಲ್ಬಿ, ನ್ಯೂ ವೇವ್ ಲೋಕದವನು. 'ವೇಟಿಂಗ್ ಫಾರ್ ಎ ಗರ್ಲ್ ಲೈಕ್ ಯೂ' ಹಾಡು ಮಂಜಿನಂಥ ಸಿಂಥಸೈಜರ್‌ನಲ್ಲಿ ಶುರುವಾಗುತ್ತಲ್ಲ, ಅದು ಅವನ ಕೈಚಳಕ. ಹಾಡು 10 ವಾರ ಎರಡನೇ ಸ್ಥಾನದಲ್ಲೇ ಕೂತಿತ್ತು.

'ಅರ್ಜೆಂಟ್' ಹಾಡಿನ ಸ್ಯಾಕ್ಸೊಫೋನ್ ಯಾರದ್ದು? ಜೂನಿಯರ್ ವಾಕರ್‌ದ್ದು. ಮೋಟೌನ್ ಕಂಪನಿಯ ಕಪ್ಪು ಕಲಾವಿದ, 1965ರಲ್ಲೇ 'ಶಾಟ್‌ಗನ್' ಕೊಟ್ಟ ದಿಗ್ಗಜ. ಯಂತ್ರದ ಹಾಗೆ ಬಿಗಿಯಾಗಿ ಓಡ್ತಿರೋ ಹಾಡಿನೊಳಕ್ಕೆ ಅವನ ಉಸಿರು ನುಗ್ಗಿದಾಗಲೇ ಅದಕ್ಕೆ ಜೀವ ಬರೋದು.

ಒಂದೇ ಆಲ್ಬಮ್, ಇಬ್ಬರು ಅತಿಥಿಗಳು. ಮುಂದೆ ಏನಾಯ್ತು ನೋಡಿ. ಡಾಲ್ಬಿ ಇಲ್ಲಿ ದುಡಿದ ದುಡ್ಡಲ್ಲಿ ಸ್ವಂತ ಆಲ್ಬಮ್ ಮಾಡಿದ, ತನ್ನ ಮುಖ ಹೊತ್ತು ಎಂಟಿವಿಯಲ್ಲಿ ಮಿಂಚಿದ. ಪ್ರತಿಭಾವಂತ, ಅದರಲ್ಲಿ ಎರಡು ಮಾತಿಲ್ಲ. ವಾಕರ್ ಕೂಡ 1983ರಲ್ಲಿ 'ಅರ್ಜೆಂಟ್' ಹಾಡನ್ನ ತನ್ನ ಹೆಸರಲ್ಲೇ ಮತ್ತೆ ರೆಕಾರ್ಡ್ ಮಾಡಿದ. ಎಷ್ಟು ಜನಕ್ಕೆ ಗೊತ್ತು?

ವಯಸ್ಸು, ಫ್ಯಾಶನ್ ಕೂಡ ಕಾರಣ ಇರಬಹುದು, ಒಪ್ತೀನಿ. ಆದರೆ ಗೋಡೆಯೂ ಇತ್ತು. ಆಗಿನ ಅಮೆರಿಕದ ರಾಕ್ ರೇಡಿಯೊಗಳಲ್ಲಿ ಕಪ್ಪು ಕಲಾವಿದರು ಅಪರೂಪ. 1981ರ ಆಗಸ್ಟಲ್ಲಿ ಶುರುವಾದ ಎಂಟಿವಿಯದ್ದೂ ಅದೇ ಕಥೆ. ಕಪ್ಪು ಕಲಾವಿದರು ಯಾಕಿಷ್ಟು ಕಮ್ಮಿ ಅಂತ 1983ರಲ್ಲಿ ಡೇವಿಡ್ ಬೋವಿ ಆ ಚಾನೆಲ್‌ನವರನ್ನೇ ಮುಖಕ್ಕೆ ಮುಖ ಕೊಟ್ಟು ಕೇಳಿದ.

ನನ್ನ ತಕರಾರು ಫಾರಿನರ್ ಮೇಲಲ್ಲ. ಅವರು ವಾಕರ್‌ನನ್ನ ಹುಡುಕಿಕೊಂಡು ಹೋಗಿ ಕರೆದರು, ಹಾಡಿನ ನಟ್ಟನಡುವೆ ಜಾಗ ಕೊಟ್ಟರು. ಸ್ಟುಡಿಯೋ ಒಳಗೆ ಸಂಗೀತ ಬೆರೆತಿತ್ತು. ಬೇರೆ ಮಾಡಿದ್ದು ಹೊರಗೆ ಬಾಗಿಲು ಕಾಯೋರು. ತಮಟೆ ಇಲ್ಲದೆ ಜಾತ್ರೆ ಆಗಲ್ಲ, ತಮಟೆ ಬಡಿಯೋನು ಮಾತ್ರ ಗುಡಿ ಹೊರಗೆ. ಇದನ್ನ ಕಂಡ ನಮಗೆ ಆ ಬಾಗಿಲ ಗುರುತು ಬೇರೆ ಯಾರೂ ಹೇಳಿಕೊಡಬೇಕಿಲ್ಲ.

ಅದಕ್ಕೇ ಹೇಳೋದು, ರಾಕ್ ಬಿಳಿಯರದ್ದು ಅಂತ ನಾವೇ ಬಿಟ್ಟುಕೊಟ್ಟರೆ ಬಾಗಿಲು ಕಾದವರೇ ಗೆದ್ದ ಹಾಗೆ. ಹಾಡು ಕೇಳಿ, ಜೊತೆಗೆ ಕವರ್ ಹಿಂದಿನ ಹೆಸರುಗಳನ್ನೂ ಓದಿ.

ಜೈಭೀಮ್.